ಮುಕ್ಕು

ಎರಡು ದಿನ ಒಳಗೇ ಇರಲಿ ಅಂದಿದ್ದ ಅಂಗಡಿಯವ,
ಮನೆಯ ಹವೆಗೆ ಒಗ್ಗಬೇಕು,
ಇಲ್ಲದಿದ್ದರೆ ಆಮೇಲೆ ಉಬ್ಬುತ್ತವೆ.
ಹಾಗಾಗಿ ಆರು ಹಲಗೆಗಳು ನೆಲಮಾಳಿಗೆಯಲ್ಲಿ
ಬಟ್ಟೆ ಒಗೆಯುವ ಮಷೀನಿಗೆ ಒರಗಿ ನಿಂತವು.
ಪಕ್ಕದಲ್ಲಿ ನನ್ನ ತಮ್ಮ ಆರಿನ್,
ಒಂದು ಸೂಟ್‌ಕೇಸು, ಮೀನಿನ ಗಾಳದ ಮೂರು ಕೋಲು,
ಹನ್ನೆರಡು ವರ್ಷದ ಸಂಸಾರದಲ್ಲಿ ಅವನ ಪಾಲಿಗೆ ಬಂದ
ಟೋಸ್ಟರ್ರು.

ಡುಲೂತ್‌ನಲ್ಲಿ ಇದು ಬಂದರು ಹೆಪ್ಪುಗಟ್ಟುವ ತಿಂಗಳು.
ಅದಿರಿನ ಹಡಗುಗಳು ಕಟ್ಟಿಹಾಕಿದ ಎಮ್ಮೆಗಳಂತೆ
ಮಂಜು ಹೊದ್ದು ನಿಂತುಬಿಡುತ್ತವೆ.
ಹಡಗಿನ ಅಡುಗೆಯವನಿಗೆ ಮಾರ್ಚ್ ತನಕ ಕೆಲಸವಿಲ್ಲ,
ಈ ವರ್ಷ ಮನೆಯೂ ಇಲ್ಲ.
'ಬರೀ ಕಾಂಕ್ರೀಟು ನೋಡಿಕೊಂಡು ಮಲಗಲಾರೆ ವರ್ನಾ,
ಜೈಲಿನ ಹಾಗಿದೆ' ಅಂದ.
ಸರಿ, ಇಟ್ಟಿಗೆ ಗೋಡೆ ಮಾಡೋಣ ಅಂದೆ.
ಇಟ್ಟಿಗೆಯಂಥ ಗೋಡೆ.

ಒಂದೂವರೆ ದಿನಕ್ಕೆ ಅವನ ತಾಳ್ಮೆ ಮುಗಿಯಿತು.

ರಿಪೀಸು ಹೊಡೆದೆವು, ರಸಮಟ್ಟ ಇಟ್ಟೆವು.
ಗುಳ್ಳೆ ಬಲಕ್ಕೆ ಹೋಯಿತು, ಎಡಕ್ಕೆ ಬಂತು,
ನಡುವೆ ನಿಂತಾಗ ಇಬ್ಬರೂ ಉಸಿರು ಬಿಟ್ಟೆವು.
ಅಂಟನ್ನು ಹಾವಿನ ಹಾಗೆ ಹಲಗೆಯ ಬೆನ್ನಿಗೆ ಎಳೆದು
ಒತ್ತಿ ಹಿಡಿದೆವು, ನೂರು ಎಣಿಸಿದೆವು,
ಅರವತ್ತಕ್ಕೆ ಅವನು, 'ಡಾರ್ಲಾ ಫೋನ್ ಮಾಡಿದಳಾ?'
ಎಪ್ಪತ್ತಕ್ಕೆ ನಾನು, 'ಇಲ್ಲ.'

ಎರಡನೆಯದರಲ್ಲಿ ಪ್ಲಗ್ಗಿಗೆ ಕಿಂಡಿ ಕೊರೆಯಬೇಕಿತ್ತು.
ಮುಂದಿನಿಂದ ಅಳೆದವನು ಹಿಂದಿನಿಂದ ಕೊಯ್ದ.
ಎತ್ತಿ ನಿಲ್ಲಿಸಿದರೆ ಪ್ಲಗ್ಗು ಅತ್ತ, ಕಿಂಡಿ ಇತ್ತ.
ಮೊದಲು ನಾನು ನಕ್ಕೆ. ಆಮೇಲೆ ಅವನು,
ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು.
ನಗು ಎಲ್ಲಿ ಮುಗಿಯಿತೆಂದು ನಾನು ಕೇಳಲಿಲ್ಲ.
ಇನ್ನೊಂದು ಕಿಂಡಿ ಕೊರೆದೆವು.
ತಪ್ಪಿದ್ದಕ್ಕೆ ಬ್ಯಾಂಕಿನ ಕ್ಯಾಲೆಂಡರು ತೂಗುಹಾಕಿದೆವು.

ಮುಕ್ಕು ಕಂಡದ್ದು ರಾತ್ರಿ, ದೀಪದ ಓರೆಬೆಳಕಿಗೆ.
ಕೆಳಗಿನಿಂದ ಏಳನೆಯ ಸಾಲು, ಎಡಗಡೆ,
ಒಂದು ಇಟ್ಟಿಗೆಯ ಮೂಲೆ ಹಾರಿತ್ತು.
ಎಷ್ಟು ಚೆಂದ, ನಿಜದ್ದೇ ಅನ್ನಬೇಕು, ಅಂದೆ.
ಆರಿನ್ ಪಕ್ಕದ ಹಲಗೆ ತೋರಿಸಿದ.
ಏಳನೆಯ ಸಾಲು, ಎಡಗಡೆ.
ಅದರ ಪಕ್ಕದ್ದರಲ್ಲೂ.
ಗೋಡೆ ಒಂದೇ ಮಾತನ್ನು ಆರು ಸಲ ಹೇಳುತ್ತಿತ್ತು,
ಕುಡಿದವನ ಹಾಗೆ.

ಉಳಿದದ್ದನ್ನಾದರೂ ತಲೆಕೆಳಗು ಮಾಡಿ ನೋಡಿದೆವು.
ಮುಕ್ಕು ಮೇಲಕ್ಕೆ ಹೋಯಿತು, ಸರಿ,
ಆದರೆ ಸಂದುಗಳಿಗೆ ಬಳಿದಿದ್ದ ನೆರಳೂ ತಿರುಗಿತು.
ಆ ಒಂದು ತುಂಡಿಗೆ ಮಾತ್ರ
ಸೂರ್ಯ ನೆಲದಡಿಯಿಂದ ಹುಟ್ಟಿದ್ದ.
ಮತ್ತೆ ನೆಟ್ಟಗೆ ನಿಲ್ಲಿಸಿದೆವು.

ಅಚ್ಚು ತೆಗೆಯಲು ಎಲ್ಲೋ ಒಂದು ನಿಜದ ಗೋಡೆ
ಇದ್ದಿರಲೇಬೇಕಲ್ಲ, ಅಂದ ಆರಿನ್ ಬಿಯರ್ ಬಿಚ್ಚುತ್ತ.
ಯಾವುದೋ ಗೋದಾಮಿನದು, ಯಾವುದೋ ಕುದುರೆಲಾಯದ್ದು.
ಯಾರೋ ಒಬ್ಬ ಕೈಗಾಡಿ ತಳ್ಳಿಕೊಂಡು ಬಂದು
ತಿರುವಿನಲ್ಲಿ ಡಿಕ್ಕಿ ಹೊಡೆದಿದ್ದಾನೆ,
ಮೇಸ್ತ್ರಿ ನೋಡಿದನೋ ಇಲ್ಲವೋ ಎಂದು
ಒಮ್ಮೆ ತಿರುಗಿ ನೋಡಿ ಮುಂದೆ ಹೋಗಿದ್ದಾನೆ.
ಪಾಪ, ಅವನಿಗೇನು ಗೊತ್ತು,
ಆ ಒಂದು ಪೆಟ್ಟು ಎಷ್ಟು ಮನೆಗಳಲ್ಲಿ
ಎಷ್ಟು ಜನರ ತಲೆದಿಂಬಿನ ಪಕ್ಕ
ಈಗ ನೇತುಬಿದ್ದಿದೆ ಎಂದು.

ಮಾರನೆಯ ದಿನ ಪುಟ್ಟಿ ಕಲಸಿ,
ನನ್ನ ಹಳೆಯ ಲಿಪ್‌ಸ್ಟಿಕ್ಕು ತಿಕ್ಕಿ ಬಣ್ಣ ಕೂಡಿಸಿ,
ಐದನ್ನು ಮುಚ್ಚಿದ. ಕೈ ಒಳ್ಳೆಯದು ಅವನದು,
ಕೇಕಿನ ಮೇಲೆ ಹೆಸರು ಬರೆಯುವ ಕೈ.
ಮಂಚದ ಪಕ್ಕದ್ದೊಂದು ಹಾಗೇ ಇದೆ.
ಪುಟ್ಟಿ ಮುಗಿಯಿತು ಅಂದ.
ಡಬ್ಬಿ ಅರ್ಧ ಉಳಿದಿತ್ತು, ನಾನು ನೋಡಿದ್ದೇನೆ.

ಈಗ ಬಂದರು ಬಿಟ್ಟಿದೆ.
ಬೆಳಗಿನ ಜಾವ ಹಡಗು ಉದ್ದಕ್ಕೆ ಕೂಗಿದಾಗ
ಅವನು ಅದರ ಒಳಗಿದ್ದ, ಇಪ್ಪತ್ತಮೂರು ಜನಕ್ಕೆ
ಮೊಟ್ಟೆ ಒಡೆಯುತ್ತ.
ನಾನು ಬಟ್ಟೆ ಹಾಕಲು ಕೆಳಗಿಳಿದೆ.
ಗೋಡೆ ತಟ್ಟಿದರೆ ಡೊಳ್ಳು, ಹಿಂದೆ ಗಾಳಿ,
ಗಾಳಿಯ ಹಿಂದೆ ಅದೇ ಕಾಂಕ್ರೀಟು.
ಕೊನೆಯ ಹಲಗೆ ಬುಡದಲ್ಲಿ ಕೊಂಚ ಉಬ್ಬಿದೆ.
ಮುಕ್ಕಿನ ಅಂಚು ನುಣುಪಾಗಿದೆ,
ಯಾರೋ ಇಡೀ ಚಳಿಗಾಲ
ಹೆಬ್ಬೆರಳು ಇಟ್ಟುಕೊಂಡೇ ಮಲಗಿದ ಹಾಗೆ.

ಟೋಸ್ಟರ್ ಬಿಟ್ಟುಹೋಗಿದ್ದಾನೆ.
ಪ್ಲಗ್ಗಿನಲ್ಲೇ ಇದೆ.